ಎಡಗಾಲಿನ ಕೆಲಸ

1988ರ ಬೇಸಿಗೆ. ಊಟ ಮುಗಿಸಿ ಬಂದು ಲೇತಿಗೆ ಬೆಲ್ಟು ಏರಿಸುತ್ತಿದ್ದೆ. ಶಿವಾಜಿನಗರದ ಗ್ಯಾರೇಜಿನ ಹುಡುಗ ಸೈಕಲ್ ತಳ್ಳಿಕೊಂಡು ಬಂದ. ತುಳಿಯಲು ಆಗಿರಲಿಲ್ಲ, ಕ್ಯಾರಿಯರಿಗೆ ಗೋಣಿತಾಟಿನಲ್ಲಿ ಸುತ್ತಿ ಕಟ್ಟಿದ್ದ ಸಾಮಾನು ಅಷ್ಟು ಭಾರ. ಬಿಚ್ಚಿದರೆ ಎರಡು ಬಾಣಲೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಬೆಸೆದಂತಿದ್ದ ಉಕ್ಕಿನ ಉಂಡೆ, ಸಣ್ಣ ಬೂದುಗುಂಬಳದ ಗಾತ್ರ. ಅಲುಗಿಸಿದರೆ ಒಳಗೆ ಎಣ್ಣೆ ಗುಳುಗುಳು ಅನ್ನುತ್ತಿತ್ತು.

“ಇದನ್ನ ಬಿಚ್ಚಿಕೊಡಬೇಕಂತೆ ಮೇಸ್ತ್ರಿ. ಉಸ್ತಾದ್ ಕಳಿಸಿದ್ರು.”

“ಬಿಚ್ಚೋಕೆ ಬೋಲ್ಟ್ ಎಲ್ಲಿದೆಯೋ?”

“ಅದನ್ನೇ ನಿಮ್ಮನ್ನ ಕೇಳ್ಕೊಂಡು ಬಾ ಅಂದ್ರು.”

ಅದು ಟಾರ್ಕ್ ಕನ್ವರ್ಟರ್. ಕ್ಲಚ್ ಇಲ್ಲದ, ಗೇರನ್ನು ತಾನೇ ಬದಲಿಸಿಕೊಳ್ಳುವ ಗಾಡಿಗಳಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಭಾಗ. ಮಜ್ಜಿಗೆ ಕಡೆಯುವಾಗ ಮಡಕೆಯ ಮೇಲಿನ ಹಿಡಿತ ಸಡಿಲವಾದರೆ ಕಡಗೋಲಿನ ಜೊತೆ ಮಡಕೆಯೂ ತಿರುಗತೊಡಗುತ್ತದಲ್ಲ, ಅದೇ ಲೆಕ್ಕ. ಎಂಜಿನ್ ಒಂದು ಕಡೆಯ ರೆಕ್ಕೆಗಳನ್ನು ತಿರುಗಿಸುತ್ತದೆ, ರೆಕ್ಕೆಗಳು ಎಣ್ಣೆಯನ್ನು ತಿರುಗಿಸುತ್ತವೆ, ಎಣ್ಣೆ ಆಚೆ ಕಡೆಯ ರೆಕ್ಕೆಗಳನ್ನು ನೂಕುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗುವುದೇ ಇಲ್ಲ. ಅದರ ಹಿಂದಿನ ಪೆಟ್ಟಿಗೆ ಎಣ್ಣೆಯ ಒತ್ತಡ ನೋಡಿಕೊಂಡು ಯಾವ ಗೇರು ಹಾಕಬೇಕೆಂದು ತೀರ್ಮಾನಿಸುತ್ತದೆ. ಡ್ರೈವರನ ಎಡಗಾಲಿಗೆ ಕೆಲಸವಿಲ್ಲ.

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಹತ್ತಡಿ ಅಗಲದ ಅಂಗಡಿ ನನ್ನದು. ಒಂದು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಒಂದು ಹ್ಯಾಂಡ್ ಪ್ರೆಸ್. ಅದುವರೆಗೆ ಅಲ್ಲಿಗೆ ಬಂದಿದ್ದ ಸಾಮಾನುಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಬಿಚ್ಚಿಕೊಳ್ಳುತ್ತಿದ್ದವು. ತುಕ್ಕು ಹಿಡಿದಿದ್ದರೆ ಸೀಮೆಎಣ್ಣೆ, ಅದಕ್ಕೂ ಬಗ್ಗದಿದ್ದರೆ ಗ್ಯಾಸ್ ಕಟಿಂಗ್. ಇದು ಮಾತ್ರ ಬಿಚ್ಚಬಾರದೆಂದೇ ಮಾಡಿದ ವಸ್ತು. ಬೆಸುಗೆಯನ್ನು ಲೇತಿನಲ್ಲಿ ಸೀಳಿ ತೆಗೆಯಬಹುದಿತ್ತು, ಆದರೆ ಮತ್ತೆ ಅದೇ ನೇರಕ್ಕೆ ಕೂಡಿಸುವುದು ನನ್ನ ಅಂಗಡಿಯಲ್ಲಿ ಆಗುವ ಮಾತಲ್ಲ. ಹಾಗೆಂದು ಹೇಳಿ ಕಳಿಸಿದೆ. ಸಂಜೆ ಉಸ್ತಾದರೇ ಬಂದರು.

ಗಾಡಿ ಕೆ.ಆರ್. ಪುರದ ಆಚೆಯ ಕಲ್ಲು ಕ್ವಾರಿಯ ಸಾಹುಕಾರರೊಬ್ಬರದು. ಅಮೆರಿಕದ ದೊಡ್ಡ ಪಿಕಪ್, ಸ್ಟೀರಿಂಗ್ ಎಡಗಡೆ, 6.2 ಲೀಟರಿನ ವಿ-8 ಡೀಸೆಲ್ ಎಂಜಿನ್, ಮೂರು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆ. ಯಾವುದೋ ವಿದೇಶಿ ಪ್ರಾಜೆಕ್ಟಿನವರು ಬಿಟ್ಟುಹೋದದ್ದನ್ನು ಮದ್ರಾಸಿನ ಹರಾಜಿನಲ್ಲಿ ಹಿಡಿದಿದ್ದರು. ಕ್ವಾರಿಯ ಏರು ಹತ್ತುವಾಗ ಗೇರು ಬೀಳದೆ ಎಂಜಿನ್ ಸುಮ್ಮನೆ ಬೊಬ್ಬೆ ಹೊಡೆಯುತ್ತಿತ್ತು.

ಇಂಥ ಗಾಡಿ ಶಿವಾಜಿನಗರಕ್ಕೇ ಏಕೆ ಬಂತು ಎನ್ನುವುದಕ್ಕೆ ಬಹಳ ಹಿಂದಕ್ಕೆ ಹೋಗಬೇಕು.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಹವೆ ಒಗ್ಗದೆ ತಮ್ಮ ಸೈನ್ಯವನ್ನು ಬೆಂಗಳೂರಿಗೆ ತಂದು ಹಲಸೂರಿನ ಮಗ್ಗುಲಲ್ಲಿ ಇಳಿಸಿದರು. ನಮ್ಮ ಹಿರಿಯರ ಬಾಯಲ್ಲಿ ಅದು ಕಂಟೋನ್ಮೆಂಟ್ ಅಲ್ಲ, ದಂಡು. ಪೇಟೆಯವರು ದಂಡಿಗೆ ಹೋಗಿಬರುವುದೆಂದರೆ ಬೇರೆ ಊರಿಗೆ ಹೋಗಿಬಂದಂತೆ. ದಂಡಿನ ರಸ್ತೆಗಳ ಹೆಸರುಗಳೇ ಸೈನ್ಯದ ಹಾಜರಿ ಪುಸ್ತಕ: ಇನ್‌ಫೆಂಟ್ರಿ ರೋಡ್, ಬ್ರಿಗೇಡ್ ರೋಡ್, ಈಗ ಕಾಮರಾಜ್ ರೋಡ್ ಆಗಿರುವ ಕ್ಯಾವಲ್ರಿ ರೋಡ್. ಸೈನ್ಯ ಇದ್ದಲ್ಲಿ ಅದರ ಹಿಂದೆ ಲಾಳ ಹೊಡೆಯುವವರು, ಜೀನು ಹೊಲಿಯುವವರು, ಗಾಡಿಯ ಗಾಲಿಗೆ ಪಟ್ಟಿ ಕಟ್ಟುವವರು. ಇವರೆಲ್ಲ ನೆಲೆಸಿದ್ದು ಆಗ ಬ್ಲ್ಯಾಕ್‌ಪಲ್ಲಿ ಎಂದು ಕರೆಯುತ್ತಿದ್ದ ಈಗಿನ ಶಿವಾಜಿನಗರ ಮತ್ತು ಹಲಸೂರಿನಲ್ಲಿ. 1927ರಲ್ಲಿ ರಸೆಲ್ ಮಾರುಕಟ್ಟೆ ಕಟ್ಟಿದಾಗ ಅದರ ಸುತ್ತ ತರಕಾರಿ, ಮಾಂಸದ ಜೊತೆಗೆ ಹಳೆಯ ಕಬ್ಬಿಣವೂ ವ್ಯಾಪಾರಕ್ಕಿತ್ತು ಎಂದು ನಮ್ಮಪ್ಪ ಹೇಳುತ್ತಿದ್ದರು. ಅಪ್ಪ ಹಲಸೂರಿನ ಸೇನಾ ವರ್ಕ್‌ಶಾಪಿನಲ್ಲಿ ಸಿವಿಲಿಯನ್ ಫಿಟ್ಟರ್. ಈಗ 515 ಆರ್ಮಿ ಬೇಸ್ ವರ್ಕ್‌ಶಾಪ್ ಎಂದು ಬೋರ್ಡಿರುವುದು ಅದೇ.

ದಂಡಿನ ಪೂರ್ವ ದಿಕ್ಕಿಗೆ ಎರಡನೆಯ ಯುದ್ಧ ತಂದಷ್ಟು ಯಂತ್ರಗಳನ್ನು ಬೇರೇನೂ ತರಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ವಿಮಾನ ಕಾರ್ಖಾನೆ ತೆರೆದರು. ಸ್ವಾರಸ್ಯವೇನೆಂದರೆ ವಾಲ್‌ಚಂದರ ಮನಸ್ಸಿನಲ್ಲಿ ಮೊದಲು ಇದ್ದದ್ದು ಮೋಟಾರು. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಮೋಟಾರು ಕಾರ್ಖಾನೆಯ ಯೋಜನೆ ಬರೆದು, ಅದಕ್ಕಾಗಿ ವಿದೇಶ ಸುತ್ತಿ ಬಂದಿದ್ದರು. ಮೈಸೂರು ಸರ್ಕಾರಕ್ಕೂ ಆಸೆಯಿತ್ತು. ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಾರು ಮಾಡಬೇಕಾಗಿದ್ದ ಊರು ವಿಮಾನ ಮಾಡಿತು. ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿ ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್, ಫಾರ್ಗೊಗಳನ್ನು ಕೂಡಿಸತೊಡಗಿದರು. ಕಾರ್ಖಾನೆ ಇಲ್ಲಿಗೆ ಬಂದಿದ್ದರೆ ಬೆಂಗಳೂರಿನ ಮೆಕ್ಯಾನಿಕ್ಕುಗಳು ಸ್ಪ್ಯಾನರ್ ಹಿಡಿದು ಸಂಬಳಕ್ಕೆ ಸೇರುತ್ತಿದ್ದರು. ಬರಲಿಲ್ಲವಾಗಿ ಅವರೆಲ್ಲ ಸ್ವಂತ ಉಸ್ತಾದರಾದರು. ಇದು ನನ್ನ ಊಹೆ, ಲೆಕ್ಕ ಕೇಳಬೇಡಿ.

1943ರಿಂದ ಯುದ್ಧ ಮುಗಿಯುವತನಕ ವಿಮಾನ ಕಾರ್ಖಾನೆ ಅಮೆರಿಕದ ವಾಯುಸೇನೆಯ ಡಿಪೊ ಆಗಿತ್ತು. ಅವರ ಜೀಪುಗಳು, ಲಾರಿಗಳು ಹಳೆಯ ಮದ್ರಾಸ್ ರಸ್ತೆಯಲ್ಲಿ ಸಾಲುಗಟ್ಟುತ್ತಿದ್ದವಂತೆ. ಅತ್ತ ಊರಿನ ಬಸ್ಸುಗಳ ಪಾಡು ಬೇರೆ. 1940ರಲ್ಲಿ ಶುರುವಾಗಿದ್ದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸುಗಳು ಪೆಟ್ರೋಲ್ ಸಿಗದೆ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಲ್ಲಿ ಓಡಿದವು. ಬೆಳಗಿನ ಜಾವ ಕಂಡಕ್ಟರ್ ಒಲೆ ಊದುತ್ತ ನಿಂತಿರುತ್ತಿದ್ದ ಎಂದು ಅಪ್ಪ ನಗುತ್ತಿದ್ದರು. ಬಸ್ಸು ಹುಟ್ಟಿದ್ದು ಒಂದು ಇಂಧನಕ್ಕೆ, ಬದುಕಿದ್ದು ಇನ್ನೊಂದರಲ್ಲಿ. ಈ ಊರಿನಲ್ಲಿ ಎಂಜಿನ್ನಿನ ಜಾತಿ ಬದಲಿಸುವ ಕೆಲಸ ಆ ಒಲೆಯಿಂದಲೇ ಶುರುವಾಯಿತೆಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಯುದ್ಧ ಮುಗಿಯಿತು, ‘ಡಿಸ್ಪೋಸಲ್’ ಬಂತು. ಸೈನ್ಯಕ್ಕೆ ಬೇಡವಾದ ಗಾಡಿ, ಎಂಜಿನ್, ಟೈರು ಎಲ್ಲ ಲಾಟುಲಾಟಾಗಿ ಹರಾಜು. ಹತ್ತು ಗಾಡಿ ಕೊಂಡವನು ಎಂಟನ್ನು ಬಿಚ್ಚಿ ಎರಡನ್ನು ಓಡಿಸಿದ. ಬಿಚ್ಚಿದ ಎಂಟರ ಸಾಮಾನಿನಿಂದ ಹುಟ್ಟಿದ್ದು ಶಿವಾಜಿನಗರದ ಗುಜರಿ. 1947ರಲ್ಲಿ ದಂಡು ಪ್ರದೇಶ ಮೈಸೂರಿಗೆ ಹಿಂತಿರುಗಿತು, 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಗುಜರಿಯ ಗಲ್ಲಿಗೆ ಇದ್ಯಾವುದೂ ತಟ್ಟಲಿಲ್ಲ. ಬೆಲೆ ಉರ್ದುವಿನಲ್ಲಿ, ಬೈಗುಳ ತಮಿಳಿನಲ್ಲಿ, ಲೆಕ್ಕ ಕನ್ನಡದಲ್ಲಿ, ಸಾಮಾನಿನ ಹೆಸರು ಇಂಗ್ಲಿಷಿನಲ್ಲಿ. ಡಿಫರೆನ್ಷಿಯಲ್ಲು ಅಲ್ಲಿ ‘ಡಿಪ್ರನ್ಸಲ್’. ಹಾಗೆಂದು ಕೇಳದಿದ್ದರೆ ಅಂಗಡಿಯವನಿಗೆ ನೀವು ಹೊಸಬರೆಂದು ಗೊತ್ತಾಗಿ ಬೆಲೆ ಏರುತ್ತಿತ್ತು.

ಈಗ ಎಡಗಾಲಿನ ವಿಷಯ. ಆ ಕಾಲದ ಲಾರಿ ಓಡಿಸುವುದಕ್ಕೆ ಎಡಗಾಲಿನಲ್ಲಿ ವಿದ್ಯೆ ಬೇಕಿತ್ತು. ಗೇರಿನ ಹಲ್ಲುಗಳು ಒಂದರ ವೇಗಕ್ಕೆ ಇನ್ನೊಂದು ತಾನಾಗಿ ಹೊಂದಿಕೊಳ್ಳುವ ಸಿಂಕ್ರೊಮೆಶ್ ಇರಲಿಲ್ಲ. ಕ್ಲಚ್ ಒತ್ತಿ ಗೇರು ಬಿಡಿಸಿ, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಂದು ಚೂರು ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು. ಡಬಲ್ ಕ್ಲಚ್ ಎನ್ನುತ್ತಿದ್ದರು. ತಪ್ಪಿದರೆ ಗರಗರ ಸದ್ದಿಗೆ ಬೀದಿಯೇ ತಿರುಗಿ ನೋಡುತ್ತಿತ್ತು. ಹಲಸೂರಿನ ಇಳಿಜಾರಿನಲ್ಲಿ ಸದ್ದು ಕೇಳಿಯೇ ಡ್ರೈವರ್ ಯಾರೆಂದು ಅಪ್ಪ ಹೇಳುತ್ತಿದ್ದರು.

ಅಮೆರಿಕದಲ್ಲಿ ಈ ಕಷ್ಟ ತಪ್ಪಿಸಲು ಹೊರಟವರು 1939ರಲ್ಲೇ ಪೂರ್ತಿ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಮಾರುಕಟ್ಟೆಗೆ ತಂದಿದ್ದರು. ಜನರಲ್ ಮೋಟಾರ್ಸಿನ ಹೈಡ್ರಾಮ್ಯಾಟಿಕ್, ಮೊದಲು ಹಾಕಿದ್ದು 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿಗೆ. ಯುದ್ಧದಲ್ಲಿ ಅದೇ ಪೆಟ್ಟಿಗೆ ಹಗುರ ಟ್ಯಾಂಕುಗಳಿಗೂ ಹೋಯಿತು. ಬೆಂಗಳೂರಿಗೆ ಆಟೊಮ್ಯಾಟಿಕ್ ಬಂದದ್ದು ಐವತ್ತು ಅರವತ್ತರ ದಶಕದ ಉದ್ದುದ್ದ ಅಮೆರಿಕನ್ ಕಾರುಗಳಲ್ಲಿ. ತೋಟದ ಮಾಲೀಕರು, ರಾಜಮನೆತನದವರು, ಸಿನಿಮಾದವರು. ಹೊಸದರಲ್ಲಿ ಅವು ದಂಡಿನ ರಸ್ತೆಗಳಲ್ಲಿ ಹಂಸದ ಹಾಗೆ ತೇಲುತ್ತಿದ್ದವು. ಹತ್ತು ಹದಿನೈದು ವರ್ಷಕ್ಕೆ ಸೀಲುಗಳು ಒಣಗಿ ಎಣ್ಣೆ ಸೋರಿ, ಬಿಡಿಭಾಗ ತರಿಸಲು ಪರ್ಮಿಟ್ಟಿಲ್ಲದೆ, ಮಾವಿನಮರದ ಕೆಳಗೆ ನಿಂತವು.

ಆಮೇಲೆ 1973. ಅರಬ್ ದೇಶಗಳು ತೈಲ ಬಿಗಿಹಿಡಿದವು. ಪೀಪಾಯಿಗೆ ಮೂರು ಡಾಲರಿನ ಸುಮಾರಿನಲ್ಲಿದ್ದ ಕಚ್ಚಾತೈಲ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು. ಪೆಟ್ರೋಲ್ ಮುಟ್ಟುವಂತಿರಲಿಲ್ಲ, ಡೀಸೆಲ್ ಅಗ್ಗ. ಆದರೆ ನಮ್ಮಲ್ಲಿ ಡೀಸೆಲ್ ಕಾರು ಎಂಬುದೇ ಇರಲಿಲ್ಲ. ಅಂಬಾಸಡರ್ ಡೀಸೆಲ್ ಬಂದದ್ದು 1980ರ ಹೊತ್ತಿಗೆ, ಅದೂ 1489 ಸಿ.ಸಿ.ಯ ನಿಧಾನಿ. ನಡುವಿನ ಏಳೆಂಟು ವರ್ಷ ಶಿವಾಜಿನಗರದ ಸುಗ್ಗಿ. ಪರ್ಕಿನ್ಸ್ ಎಂಜಿನ್, ಟ್ರ್ಯಾಕ್ಟರಿನ ಎಂಜಿನ್, ಆಮೇಲೆ ಮೆಟಡಾರಿನ ಎಂಜಿನ್, ಯಾವುದು ಸಿಕ್ಕಿದರೆ ಅದು ಪ್ಲಿಮತ್ತಿಗೋ ಜೀಪಿಗೋ ಏರಿತು. ಆಗಲೇ ನಾನು ಲೇತ್ ಕಲಿತದ್ದು.

ಪೆಟ್ರೋಲ್ ಎಂಜಿನ್ ಹೋದರೆ ಅದರ ಹಿಂದಿದ್ದ ಆಟೊಮ್ಯಾಟಿಕ್ ಪೆಟ್ಟಿಗೆಯೂ ಹೋಗಲೇಬೇಕಿತ್ತು. ಆ ಪೆಟ್ಟಿಗೆ ಗೇರು ಏರಿಸುತ್ತಿದ್ದದ್ದು ಪೆಟ್ರೋಲ್ ಎಂಜಿನ್ನಿನ ವೇಗಕ್ಕೆ ತಕ್ಕಂತೆ. ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ಅದಕ್ಕೆ ಸಲೀಸು. ಲಾರಿಯ ಡೀಸೆಲ್ ಎಂಜಿನ್ ಮೂರು ಸಾವಿರ ಮುಟ್ಟುವ ಮೊದಲೇ ಗವರ್ನರ್ ಕತ್ತು ಹಿಡಿಯುತ್ತದೆ. ಎರಡನ್ನೂ ಕೂಡಿಸಿದರೆ ಪೆಟ್ಟಿಗೆ ಗೇರು ಏರಿಸಲು ಕಾಯುತ್ತ ಕೂರುತ್ತದೆ, ಎಂಜಿನ್ ಆ ವೇಗಕ್ಕೆ ಬರುವುದೇ ಇಲ್ಲ. ಹೀಗೆ ದಂಡಿನ ಹಂಸಗಳಿಗೆಲ್ಲ ಲಾರಿ ಜಾತಿಯ ಗೇರ್‌ಬಾಕ್ಸ್ ಬಂತು, ಮೂರನೆಯ ಪೆಡಲ್ ಬಂತು.

ಕ್ವಾರಿಯವರ ಪಿಕಪ್ ಹಾಗಲ್ಲ. ಅದು ಹುಟ್ಟಿನಿಂದಲೇ ಡೀಸೆಲ್, ಹುಟ್ಟಿನಿಂದಲೇ ಆಟೊಮ್ಯಾಟಿಕ್. ಉಸ್ತಾದರಿಗೂ ಅದು ಹೊಸದು. ಆದರೂ ಅವರು ಮೊದಲ ದಿನವೇ ರೋಗದ ಮೂಲ ಹಿಡಿದಿದ್ದರು. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಮುಚ್ಚಳವಿರುತ್ತದೆ, ಅದರ ಹಿಂದೆ ಹೀರು ಉಂಟಾಗುತ್ತದೆ. ಡ್ರೈವರ್ ಎಷ್ಟು ಒತ್ತಿದ್ದಾನೆಂದು ಗೇರ್‌ಪೆಟ್ಟಿಗೆಗೆ ತಿಳಿಯುವುದು ಆ ಹೀರಿನಿಂದ. ಡೀಸೆಲ್ಲಿಗೆ ಆ ಮುಚ್ಚಳವಿಲ್ಲ, ಹೀರೂ ಇಲ್ಲ. ಅಮೆರಿಕದವರು ಅದಕ್ಕೆ ಬೇರೆ ಪಂಪಿಟ್ಟು, ಡೀಸೆಲ್ ಪಂಪಿನ ಪಕ್ಕದಲ್ಲೊಂದು ವಾಲ್ವಿಟ್ಟು, ಇಲ್ಲದ ಹೀರನ್ನು ಸೃಷ್ಟಿಸಿ ಪೆಟ್ಟಿಗೆಗೆ ಸುಳ್ಳು ಸುದ್ದಿ ಮುಟ್ಟಿಸುತ್ತಿದ್ದರು. ಉಸ್ತಾದರು ರಬ್ಬರ್ ಕೊಳವೆಗಳನ್ನು ಒಂದೊಂದಾಗಿ ಬಾಯಿಗಿಟ್ಟು ಹೀರಿ ನೋಡಿದರಂತೆ. ಒಂದು ಬಿರುಕು ಬಿಟ್ಟಿತ್ತು. ಬದಲಾಯಿಸಿದರು. ಗಾಡಿ ಒಂದು ವಾರ ಸರಿಯಾಗಿ ಓಡಿತು. ಆಮೇಲೆ ಸುಟ್ಟ ಎಣ್ಣೆಯ ವಾಸನೆ. ಒಳಗಿನ ಕ್ಲಚ್ ತಟ್ಟೆಗಳು ಅಷ್ಟರಲ್ಲೇ ಸವೆದಿದ್ದವು. ಆ ತಟ್ಟೆಗಳು ಈ ದೇಶದಲ್ಲಿ ಸಿಗುತ್ತಿರಲಿಲ್ಲ.

“ತೆಗೆದುಬಿಡೋಣ ಮೇಸ್ತ್ರಿ,” ಎಂದರು ಉಸ್ತಾದರು, ನನ್ನ ಸ್ಟೂಲಿನ ಮೇಲೆ ಕೂತು. “ಟಾಟಾ 1210 ಗೇರ್‌ಬಾಕ್ಸ್ ಹಾಕೋಣ. ಕೆಟ್ಟರೆ ನನ್ನ ಕೈಗೆ ಬರಬೇಕು. ಬರದೇ ಇರೋದು ನಮಗ್ಯಾಕೆ?”

ಟಾಟಾದವರು ಜರ್ಮನಿಯ ಬೆಂಜ್ ಜೊತೆ 1954ರಲ್ಲಿ ಜಮ್ಷೆಡ್‌ಪುರದಲ್ಲಿ ಲಾರಿ ಶುರುಮಾಡಿದ್ದರು. 1969ರಲ್ಲಿ ಆ ಒಪ್ಪಂದ ಮುಗಿದರೂ ಎಂಜಿನ್ನಿನ ವಂಶ ಮುಂದುವರಿಯಿತು. 1210 ಎಂದರೆ ಎಂಬತ್ತರ ದಶಕದಲ್ಲಿ ಹಳೆಯ ಮದ್ರಾಸ್ ರಸ್ತೆಯಲ್ಲಿ ಕಣ್ಣಿಗೆ ಬೀಳುತ್ತಿದ್ದ ಮಾಮೂಲಿ ಲಾರಿ. ಐದು ಗೇರು. ಗುಜರಿಯಲ್ಲಿ ಹುಡುಕಿದರೆ ಅದರ ಹಲ್ಲು, ಬೇರಿಂಗು, ಫೋರ್ಕು ಎಲ್ಲ ಸಿಗುತ್ತಿತ್ತು. ಪಿಕಪ್ಪಿನ ಎಂಜಿನ್ ಎಳೆತಕ್ಕೂ 1210ರ ಎಂಜಿನ್ ಎಳೆತಕ್ಕೂ ಬಹಳ ಅಂತರವಿರಲಿಲ್ಲ, ಹಾಗಾಗಿ ಪೆಟ್ಟಿಗೆ ತಡೆಯುತ್ತದೆ ಎಂಬ ಧೈರ್ಯ.

ನನ್ನ ಪಾಲಿಗೆ ಬಂದದ್ದು ಎರಡನ್ನೂ ಕೂಡಿಸುವ ಕೆಲಸ. ಎಂಜಿನ್ ಹಿಂಭಾಗದ ಬೋಲ್ಟು ತೂತುಗಳ ಲೆಕ್ಕ ಒಂದು, ಟಾಟಾ ಹೌಸಿಂಗಿನ ಲೆಕ್ಕ ಇನ್ನೊಂದು. ಎಂಜಿನ್ ಮುಖದ ಮೇಲೆ ಡ್ರಾಯಿಂಗ್ ಶೀಟ್ ಒತ್ತಿ, ಗ್ರೀಸ್ ಬೆರಳಿನಿಂದ ಉಜ್ಜಿದರೆ ತೂತುಗಳೆಲ್ಲ ಅಚ್ಚು ಬೀಳುತ್ತವೆ. ಹೌಸಿಂಗಿನದನ್ನೂ ಹಾಗೇ ತೆಗೆದು ಎರಡನ್ನೂ ಒಂದೇ ದಪ್ಪ ತಗಡಿನ ಮೇಲೆ ಗುರುತಿಸಿ ಕೊರೆದೆ. ಕೇಳಲು ಸುಲಭ. ಕಷ್ಟವಿರುವುದು ನಡುಮಧ್ಯದಲ್ಲಿ. ಎಂಜಿನ್ ಕ್ರ್ಯಾಂಕಿನ ನಡು ಮತ್ತು ಗೇರ್‌ಬಾಕ್ಸ್ ಶಾಫ್ಟಿನ ನಡು ಒಂದೇ ಗೆರೆಯಲ್ಲಿರಬೇಕು. ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ನಾವು ‘ಥೌ’ ಎನ್ನುತ್ತೇವೆ. ಐದಾರು ಥೌ ಆಚೀಚೆಯಾದರೂ ಮುಂದಿನ ಬೇರಿಂಗ್ ತಿಂದುಹಾಕುತ್ತದೆ. ಡಯಲ್ ಗೇಜ್ ಕಟ್ಟಿ, ಪ್ಲೇಟನ್ನು ಸುತ್ತಿಗೆಯಿಂದ ಇರುವೆ ಕಚ್ಚಿದಷ್ಟು ತಟ್ಟುತ್ತ, ಒಂದಿಡೀ ಭಾನುವಾರ ಕಳೆದೆವು. ಶಾಫ್ಟಿನ ಮೂತಿ ಕೂರಲು ಕ್ರ್ಯಾಂಕಿನ ತೂತಿಗೆ ಗನ್‌ಮೆಟಲ್ ಬುಷ್ ಮಾಡಿದೆ.

ಇನ್ನು ಫ್ಲೈವೀಲು. ಆಟೊಮ್ಯಾಟಿಕ್ ಗಾಡಿಗೆ ಅದು ಬೇಡ, ಆ ಎಣ್ಣೆಯ ಉಂಡೆಯೇ ಭಾರ. ಎಂಜಿನ್ನಿಗೆ ಅಂಟಿಕೊಂಡಿದ್ದದ್ದು ರೊಟ್ಟಿಯಂಥ ತೆಳು ತಟ್ಟೆ, ಅದರ ಅಂಚಿಗೆ ಸ್ಟಾರ್ಟರ್ ಕಚ್ಚುವ ಹಲ್ಲಿನ ಬಳೆ. ಕ್ಲಚ್ ಕೂರಬೇಕಾದರೆ ಬೀಸುಕಲ್ಲಿನಂಥ ಎರಕದ ಚಕ್ರ ಬೇಕು. ಗುಜರಿಯಿಂದ ದೊಡ್ಡದೊಂದನ್ನು ತಂದು ಕಡಿದು ಅಳತೆಗೆ ತಂದೆ. ತಟ್ಟೆಯಿಂದ ಹಲ್ಲಿನ ಬಳೆಯನ್ನು ಸೀಳಿ ತೆಗೆದು, ಒಳಮೈ ಹದ ಮಾಡಿ, ಪಕ್ಕದ ಬೀದಿಯ ಕಮ್ಮಾರನ ಒಲೆಯಲ್ಲಿ ಕಾಯಿಸಿದೆವು. ಹುಲ್ಲಿನ ಬಣ್ಣ ಬಂದಾಗ ತೆಗೆಯಬೇಕು, ಕಡುನೀಲಿಗೆ ತಿರುಗಿದರೆ ಹಲ್ಲು ಮೆತ್ತಗಾಗುತ್ತದೆ. ಇಕ್ಕಳದಲ್ಲಿ ಹಿಡಿದು ಚಕ್ರದ ಮೇಲಿಟ್ಟರೆ ಬಳೆ ಟಕ್ಕೆಂದು ಕೂತು, ಆರುತ್ತ ಬಿಗಿದುಕೊಂಡಿತು. ಮದುವೆ ಹೆಣ್ಣಿಗೆ ಬಳೆ ತೊಡಿಸಿದಂತಾಯಿತು ಎಂದು ಉಸ್ತಾದರು ಹುಡುಗರಿಗೆಲ್ಲ ಟೀ ಹೇಳಿದರು.

ಎಲ್ಲ ಕೂಡಿಸಿ ಕೀಲಿ ತಿರುಗಿಸಿದರೆ ಗಾಡಿ ತುಟಿ ಪಿಟಕ್ಕೆನ್ನಲಿಲ್ಲ. ಬ್ಯಾಟರಿ ಸರಿ, ಸ್ಟಾರ್ಟರ್ ಸರಿ. ಅರ್ಧ ದಿನ ಹೋದ ಮೇಲೆ ಎಲೆಕ್ಟ್ರಿಷಿಯನ್ ಕಂಡುಹಿಡಿದ. ಹಳೆಯ ಗೇರ್ ಲಿವರ್ ‘ಪಾರ್ಕ್’ನಲ್ಲೋ ನ್ಯೂಟ್ರಲ್ಲಿನಲ್ಲೋ ಇದ್ದರೆ ಮಾತ್ರ ಸ್ಟಾರ್ಟರಿಗೆ ಕರೆಂಟ್ ಹೋಗುವ ಏರ್ಪಾಡು. ಲಿವರ್ ಗುಜರಿಗೆ ಹೋಗಿದೆ, ಗಾಡಿ ಮಾತ್ರ ಅದರ ಅಪ್ಪಣೆಗೆ ಕಾಯುತ್ತಿದೆ! ಎರಡು ತಂತಿ ಕೂಡಿಸಿದ. ಹತ್ತಿತು.

ಹತ್ತಿದ್ದೇ ತಡ, ಬಾನೆಟ್ಟಿನ ಮೇಲಿಟ್ಟಿದ್ದ ಟೀ ಲೋಟ ನಡೆದುಕೊಂಡು ಹೋಗಿ ಕೆಳಗೆ ಬಿತ್ತು. ಕನ್ನಡಿ, ಬಾಗಿಲು, ಸೀಟು ಎಲ್ಲ ಗದಗದ. ಉಸ್ತಾದರು ನನ್ನ ಮುಖ ನೋಡಿದರು. ಚಕ್ರವನ್ನು ನಾನು ಎರಡು ಸಲ ಪರೀಕ್ಷೆ ಮಾಡಿದ್ದೆ, ಕೂದಲೆಳೆಯ ತೂಕವೂ ಆಚೀಚೆ ಇರಲಿಲ್ಲ. ಗೇರ್‌ಬಾಕ್ಸ್ ಇಳಿಸಿ ಏರಿಸಿದೆವು. ಚೈನ್ ಪುಲ್ಲಿ ಎಳೆದು ಹುಡುಗರ ಅಂಗೈ ಬೊಕ್ಕೆ ಎದ್ದವು. ಗದಗದ ಹೋಗಲಿಲ್ಲ. ಎರಡನೆಯ ದಿನ ಸಂಜೆ ಅಂಗಡಿಯ ಮೂಲೆಯಲ್ಲಿ ಬಿಸಾಡಿದ್ದ ಆ ತೆಳು ತಟ್ಟೆ ಕಣ್ಣಿಗೆ ಬಿತ್ತು. ಅದರ ಒಂದು ಪಕ್ಕದಲ್ಲಿ ಬೆರಳುದ್ದದ ಕಬ್ಬಿಣದ ತುಂಡು ಬೆಸೆದಿತ್ತು. ರಿಪೇರಿಯ ತೇಪೆ ಎಂದುಕೊಂಡಿದ್ದೆ. ತೇಪೆಯಲ್ಲ, ಲೆಕ್ಕ. ಆ ಎಂಜಿನ್ನಿನ ಸಮತೂಕದ ಒಂದು ಪಾಲನ್ನು ಕಾರ್ಖಾನೆಯವರು ಹಿಂದಿನ ತಟ್ಟೆಯಲ್ಲೇ ಇಟ್ಟಿದ್ದರು. ಅದು ವಾಲಿಕೊಂಡಿದ್ದರೇ ಒಟ್ಟು ಸಮ. ನಾನು ಸಮ ಮಾಡಿ ಕೆಡಿಸಿದ್ದೆ. ಹಳೆ ತಟ್ಟೆ ಎಷ್ಟು ವಾಲುತ್ತದೆಂದು ಎರಡು ಪಟ್ಟಿಗಳ ಮೇಲೆ ಉರುಳಿಸಿ ಅಳೆದು, ಹೊಸ ಚಕ್ರದ ಎದುರು ಪಕ್ಕದಲ್ಲಿ ಅಷ್ಟೇ ತೂಕಕ್ಕೆ ತೂತು ಕೊರೆದೆ. ಟೀ ಲೋಟ ನಿಂತಲ್ಲೇ ನಿಂತಿತು. ಆ ಎರಡು ದಿನದ ಕೂಲಿ ನಾನು ಕೇಳಲಿಲ್ಲ, ಉಸ್ತಾದರೂ ಕೊಡಲಿಲ್ಲ.

ಉಳಿದದ್ದು ಮಾಮೂಲಿ. ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಅಳತೆಗೆ ಬೆಸೆದದ್ದು, ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ ಸರಿಸಿದ್ದು, ಅಂಗೈ ಅಗಲದ ಬ್ರೇಕ್ ಪೆಡಲನ್ನು ಅರ್ಧ ಕೊಯ್ದು ಪಕ್ಕದಲ್ಲಿ ಕ್ಲಚ್ ಪೆಡಲಿಗೆ ಜಾಗ ಮಾಡಿದ್ದು.

ಮೊದಲ ಓಟ ಹಳೆಯ ಮದ್ರಾಸ್ ರಸ್ತೆಯಲ್ಲಿ. ಕ್ವಾರಿಯ ಡ್ರೈವರ್ ಸ್ಟೀರಿಂಗಿನಲ್ಲಿ, ನಡುವೆ ಉಸ್ತಾದರು, ಬಾಗಿಲ ಕಡೆ ನಾನು. ಲಾರಿಯ ಮೊದಲ ಗೇರಿನಲ್ಲಿ ಹಲಸೂರಿನ ಪಾದಚಾರಿಗಳು ನಮ್ಮನ್ನು ಹಿಂದೆ ಹಾಕಿದರು. ಇಂದಿರಾನಗರದ ತಿರುವು ದಾಟಿ ಬೆನ್ನಿಗಾನಹಳ್ಳಿ, ಟಿನ್ ಫ್ಯಾಕ್ಟರಿ. ಕೆ.ಆರ್. ಪುರದ ತೂಗುಸೇತುವೆಗೆ ಆಗಿನ್ನೂ ಹದಿನೈದು ವರ್ಷ ಬಾಕಿ. ಐ.ಟಿ.ಐ. ಕಾರ್ಖಾನೆಯ ಪಾಳಿ ಬಿಟ್ಟ ಹೊತ್ತು, ಬಸ್ಸು ಸೈಕಲ್ಲುಗಳ ನಡುವೆ ನಿಂತು ಹೊರಟು ನಿಂತು ಹೊರಟು ಡ್ರೈವರ್ ಎಡಗಾಲು ಉಜ್ಜಿಕೊಳ್ಳತೊಡಗಿದ. ಮೊದಲಿನದು ಹಾಯಾಗಿತ್ತು ಸಾರ್ ಎಂದು ಗೊಣಗಿದ. ಉಸ್ತಾದರು ಕೇಳದವರಂತೆ ಕಿಟಕಿಯಾಚೆ ನೋಡಿದರು. ಹೊಸಕೋಟೆ ಕೆರೆಯ ಏರಿ ತಲುಪಿ ತಿರುಗಿ ಬಂದೆವು.

ಆ ಡ್ರೈವರನ ಗೊಣಗು ನನಗೆ ಮರೆತಿಲ್ಲ. ಹಳೆ ಮೆಕ್ಯಾನಿಕ್ಕುಗಳು ಸೇರಿದರೆ ಕ್ಲಚ್ಚಿನ ಗಾಡಿಯನ್ನು ಹಾಡಿ ಹೊಗಳುತ್ತೇವೆ. ದಿನಕ್ಕೆ ಸಾವಿರ ಸಲ ಅದನ್ನು ಒತ್ತುವವನ ಮಂಡಿ ನಮ್ಮದಲ್ಲವಲ್ಲ. ನಾವು ಆಟೊಮ್ಯಾಟಿಕ್ ಕಿತ್ತದ್ದು ಅದು ಕೆಟ್ಟ ಯಂತ್ರವೆಂದಲ್ಲ, ನಮ್ಮ ಬೀದಿಗೆ ಅದರ ಒಳಗು ಗೊತ್ತಿರಲಿಲ್ಲ ಎಂದು. ಗೊತ್ತಿದ್ದವರು ಇಂದಿರಾನಗರದ ಪಕ್ಕದಲ್ಲೇ, ತಿಪ್ಪಸಂದ್ರದ ಬಿ.ಇ.ಎಂ.ಎಲ್. ಬೇಲಿಯ ಒಳಗಿದ್ದರು. ಭಾರಿ ಗಣಿಗಾಡಿಗಳ ಕಂಪನಿ ಅದು, ಟಾರ್ಕ್ ಕನ್ವರ್ಟರ್ ಅವರಿಗೆ ದಿನದ ಮಾತು. ಆ ಬೇಲಿಗೂ ನಮ್ಮ ಬೀದಿಗೂ ಮೂರು ನಾಲ್ಕು ಮೈಲಿ. ಅಲ್ಲಿಗೆ ಹೋಗಿ ಕೇಳಬೇಕೆಂದು ನಮ್ಮಿಬ್ಬರಿಗೂ ತೋಚಲೇ ಇಲ್ಲ.

ತೊಂಬತ್ತರ ದಶಕದಲ್ಲಿ ಗುಜರಿಗೆ ಜೋಂಗಾಗಳ ಕಾಲ. ಜಬಲ್ಪುರದಲ್ಲಿ ಸೈನ್ಯಕ್ಕೆಂದು ಮಾಡುತ್ತಿದ್ದ ನಿಸ್ಸಾನ್ ಗಾಡಿ, 3956 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಹರಾಜಿನಲ್ಲಿ ಕೊಂಡವರಿಗೆ ಪೆಟ್ರೋಲ್ ಕುಡಿಸಲಾಗದೆ ಡೀಸೆಲ್ ಎಂಜಿನ್ ಕೂರಿಸಲು ಬರುತ್ತಿದ್ದರು. ಭಾರದ ಲಾರಿ ಎಂಜಿನ್ ಕೂರಿಸಿದ ಕೆಲವದರ ಮುಂದಿನ ಸ್ಪ್ರಿಂಗ್ ಮಲಗಿಬಿಟ್ಟವು, ಬ್ರೇಕು ಸಾಲದೆ ಹೋಯಿತು. ನಮ್ಮ ಕಸುಬಿನ ತಪ್ಪುಗಳಲ್ಲಿ ಅದೂ ಒಂದು. ಕದ್ದ ಗಾಡಿ ರಾತ್ರೋರಾತ್ರಿ ಬಿಚ್ಚಿ ಮಾಯವಾಗುವ ಜಾಗ ಎಂಬ ಹೆಸರೂ ಆ ಗಲ್ಲಿಗಳಿಗೆ ಸುಮ್ಮನೆ ಬಂದಿರಲಿಲ್ಲ.

ಕಾನೂನು ಬಾಗಿಲು ಮುಚ್ಚಿದ್ದು ನಿಧಾನವಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ 2000ದಲ್ಲಿ ತಿದ್ದುಪಡಿ ಬಂತು. ತಯಾರಕರು ಹೇಳಿದ್ದಕ್ಕೂ ಆರ್.ಸಿ. ಪುಸ್ತಕದ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ ಎಂದಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಬಿಗಿಯಾಗಿ ಹೇಳಿತು. ನನಗೆ ಒಳಗೊಳಗೇ ನಗು ಬರುವುದೆಂದರೆ, ನಾನು ನೋಡಿದ ಆರ್.ಸಿ. ಪುಸ್ತಕಗಳಲ್ಲಿ ಎಂಜಿನ್ ನಂಬರಿಗೆ, ಷಾಸಿ ನಂಬರಿಗೆ, ಬಣ್ಣಕ್ಕೆ, ಸೀಟಿನ ಲೆಕ್ಕಕ್ಕೆ ಜಾಗವಿತ್ತು, ಗೇರ್‌ಬಾಕ್ಸಿಗೆ ಇರಲಿಲ್ಲ. ಪಿಕಪ್ಪಿಗೆ ನಾವು ಮಾಡಿದ್ದರ ಗುರುತು ಅದರ ಪುಸ್ತಕದಲ್ಲಿ ಎಲ್ಲೂ ಬೀಳಲಿಲ್ಲ.

ಹೊಸಕೋಟೆಯಲ್ಲಿ ಈಗ ವೋಲ್ವೊ ಕಾರ್ಖಾನೆ ಇದೆ. 1998ರಲ್ಲಿ ಲಾರಿ, ಆಮೇಲೆ ಬಸ್ಸು. 2006ರಲ್ಲಿ ಬಿ.ಎಂ.ಟಿ.ಸಿ.ಯ ಕೆಂಪು ವೋಲ್ವೊಗಳು ರಸ್ತೆಗಿಳಿದವು, ಕ್ಲಚ್ ಇಲ್ಲದವು. ಒಂದು ಮಧ್ಯಾಹ್ನ ಕಾಡುಗೋಡಿ ಕಡೆಯ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಟಿನ್ ಫ್ಯಾಕ್ಟರಿಯ ಜಂಗುಳಿಯಲ್ಲಿ ಅವನ ಎಡಗಾಲು ಒಂದು ಮೂಲೆಯಲ್ಲಿ ಸುಮ್ಮನೆ ಮಲಗಿತ್ತು. ಎಷ್ಟು ವರ್ಷ ಸರ್ವಿಸ್ ಎಂದು ಕೇಳಿದೆ. ಇಪ್ಪತ್ತೆರಡು ಎಂದ. ಕಾಲು ಈಗ ಹೇಗಿದೆ ಎಂದೆ. ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ.

ಉಸ್ತಾದರು ಹೋಗಿ ಹದಿನಾಲ್ಕು ವರ್ಷ. ಅವರ ಮಗ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದಾನೆ, ಡಬ್ಬಿಯಲ್ಲಿ ಬಂದದ್ದನ್ನು ಡಬ್ಬಿಯಲ್ಲೇ ಮಾರುತ್ತಾನೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಓಡತೊಡಗಿದ ಮೇಲೆ ನಮ್ಮ ಕಡೆ ಬಾಡಿಗೆ ಏರಿತು, ನಾನು ಲೇತ್ ಮಾರಿ ಅಂಗಡಿ ಬಿಟ್ಟೆ. ಮನೆಗೆ ತಂದ ಸಾಮಾನು ನಾಲ್ಕೇ: ಡಯಲ್ ಗೇಜ್, ಮೈಕ್ರೊಮೀಟರ್, ಅಪ್ಪನ ಸುತ್ತಿಗೆ, ಆ ಉಕ್ಕಿನ ಉಂಡೆ. ಹಿತ್ತಲಿನ ನೀರಿನ ಡ್ರಮ್ಮು ವಾಲದಂತೆ ಉಂಡೆಯನ್ನು ಒತ್ತುಕೊಟ್ಟು ಇಟ್ಟಿದ್ದೇನೆ.

ಹೋದ ತಿಂಗಳು ಗುಜರಿಯವನು ಬಂದಿದ್ದ. ಹಳೆ ಪೈಪು, ಮುರಿದ ಫ್ಯಾನು ತೂಗಿದ ಮೇಲೆ ಉಂಡೆ ಕಂಡಿತು. ಎತ್ತಿ ಅಲುಗಿಸಿದ. ಒಳಗೆ ಇನ್ನೂ ಗುಳುಗುಳು.

“ಇದ್ರಲ್ಲಿ ಎಣ್ಣೆ ಇದೆ ತಾತಾ. ತೂತು ಹಾಕಿ ಸುರಿದ ಮೇಲೇ ತೂಕ.”

ತಕ್ಕಡಿಯಿಂದ ಇಳಿಸಿ, ಡ್ರಮ್ಮಿನ ಕೆಳಕ್ಕೆ ಮತ್ತೆ ನೂಕಿದೆ.